ಏಣಿಯ ಬುಡ ಹಿಡಿದ ಬೇಸಿಗೆ

ಮೊನ್ನೆ ಶ್ರೀರಂಗಪಟ್ಟಣದ ನಮ್ಮ ಬೀದಿಯಲ್ಲಿ ಒಂದು ಹುಲ್ಲಿನ ಕೊಟ್ಟಿಗೆಗೆ ಬೆಂಕಿ ಬಿತ್ತು. ದನಗಳನ್ನು ಮೊದಲೇ ಬಿಚ್ಚಿ ಅಟ್ಟಿದ್ದರಿಂದ ಜೀವಕ್ಕೇನೂ ಆಗಲಿಲ್ಲ. ಕೊಟ್ಟಿಗೆಗೆ ಅಂಟಿಕೊಂಡಂತೆ ಎತ್ತರದ ಮನೆಯಿದ್ದುದರಿಂದ ಮೈಸೂರಿನಿಂದ ಕೆಂಪು ಗಾಡಿ ಬಂತು. ಒಬ್ಬ ಯಾವುದೋ ಹಿಡಿಕೆ ಎಳೆದ. ಗಾಡಿಯ ಬೆನ್ನ ಮೇಲಿದ್ದ ಏಣಿ ಗೊರಗೊರ ಸದ್ದು ಮಾಡುತ್ತ ತಾನಾಗಿಯೇ ಮೇಲಕ್ಕೆ ಏರಿತು. ಬೀದಿಯವರೆಲ್ಲ ಕತ್ತೆತ್ತಿ ತುದಿಯನ್ನು ನೋಡುತ್ತಿದ್ದರೆ ನಾನೊಬ್ಬ ಅದರ ಬುಡ ನೋಡುತ್ತ ನಿಂತಿದ್ದೆ. ಪಕ್ಕದ ಮನೆಯ ಹುಡುಗಿ, "ತಾತ, ಅಲ್ಲೇನಿದೆ? ಮೇಲೆ ನೋಡಿ" ಎಂದು ನನ್ನ ಗಲ್ಲ ಹಿಡಿದು ಎತ್ತಿದಳು. ಅವಳು ಹೇಳಿದ್ದು ನಿಜ. ಬುಡದಲ್ಲಿ ಯಾರೂ ಇರಲಿಲ್ಲ. ಗಾಡಿಯ ಕಬ್ಬಿಣದ ಕಾಲುಗಳು ನೆಲಕ್ಕೆ ಊರಿಕೊಂಡಿದ್ದವು, ಅಷ್ಟೆ.

ಬೆಂಕಿ ಆರಿತು, ಗಾಡಿ ಹೋಯಿತು. ಒದ್ದೆ ಹುಲ್ಲು ಸುಟ್ಟ ಆ ಕಮರು ವಾಸನೆ ಮಾತ್ರ ಬೀದಿ ಬಿಟ್ಟು ಹೋಗಲಿಲ್ಲ. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ಓಡಾಡಿದರು. ನಾನು ಜಗಲಿಯ ಮೇಲೆ ಕುಳಿತು ಅದನ್ನೇ ಎದೆ ತುಂಬ ಎಳೆದುಕೊಂಡೆ. ನನಗೆ ಅದು ಕೃಷ್ಣರಾಜಪೇಟೆಯ ವಾಸನೆ, ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಒಂದು ಬೇಸಿಗೆಯದು. ಆಮೇಲೆ ಎಷ್ಟೋ ಊರುಗಳ ನೀರು ಕುಡಿದೆ, ಮದುವೆಯಾದೆ, ಮೊಮ್ಮಕ್ಕಳನ್ನು ಕಂಡೆ. ಆದರೆ ಒಂದು ಊರು ತಾನಾಗಿಯೇ ಬಂದು ನೀನು ಬೇಕು ಎಂದದ್ದು ಆ ಒಂದು ಬೇಸಿಗೆಯಲ್ಲಿ ಮಾತ್ರ. ಅದಕ್ಕೇ ಇರಬೇಕು, ಈ ವಯಸ್ಸಿನಲ್ಲೂ ಅದು ಬೇಕೆನ್ನಿಸುತ್ತದೆ.

ಆಗ ನಾನು ಈಗಿನಂತೆ ಒಣಗಿದ ಮನುಷ್ಯನಲ್ಲ. ಮದುವೆಯಾಗದ ಪ್ರಾಯ, ಮೈ ಮಾತ್ರ ನಾಲ್ಕು ಮಕ್ಕಳ ತಂದೆಯದು. ಮೈಸೂರಿನ ಜಟಕಾದವರು ನನ್ನನ್ನು ದೂರದಿಂದ ಕಂಡರೆ ಕುದುರೆಯ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ಕೃಷ್ಣರಾಜಪೇಟೆಯ ಪುರಸಭೆಗೆ ಗುಮಾಸ್ತನಾಗಿ ಹೋದ ಮೊದಲ ದಿನವೇ ಬೆತ್ತದ ಕುರ್ಚಿ ನನ್ನನ್ನು ತಾಳಲಾರದೆ ಕುಸಿಯಿತು. ಜವಾನ ನಗು ತಡೆಯಲಾಗದೆ ಹೊರಗೆ ಓಡಿದ. ಊಟ ಬಸ್ಸು ನಿಲ್ಲುವ ಜಾಗದ ಹೋಟೆಲಿನಲ್ಲಿ, ಮಲಗುವುದು ಹಿಂದಿನ ಬೀದಿಯ ಒಂದು ಬಾಡಿಗೆ ಕೋಣೆಯಲ್ಲಿ. ಸಂಕ್ರಾಂತಿ ಕಳೆದು ಗದ್ದೆ ಕೆಲಸ ಮುಗಿದು ಊರಿಗೆ ಬಿಡುವಾಗಿದ್ದ ಕಾಲ. ಸಂಜೆಯಾದರೆ ಪ್ರತಿ ಜಗಲಿಯ ಮೇಲೂ ಮಾತು, ನಗು. ನನ್ನ ಜಗಲಿಯ ಮೇಲೆ ನಾನು, ಒಳಗೆ ನನ್ನ ಟ್ರಂಕು. ಮೈಸೂರಿನ ಬಸ್ಸು ಹೊರಡುವುದನ್ನು ದಿನವೂ ನೋಡಿ ನಿಟ್ಟುಸಿರು ಬಿಡುತ್ತಿದ್ದೆ.

ಪುರಸಭೆಯ ಪಕ್ಕದಲ್ಲಿ ಉದ್ದನೆಯ ಹೆಂಚಿನ ಕೊಟ್ಟಿಗೆಯಿತ್ತು. ಅದರೊಳಗೆ ಎರಡು ಗಾಲಿಯ ಗಾಡಿಯ ಮೇಲೆ ಮಲಗಿದ್ದದ್ದು ಊರಿನ ಬೆಂಕಿ ಏಣಿ. ಹಿಂದೊಮ್ಮೆ ಪೇಟೆ ಬೀದಿಯಲ್ಲಿ ಅಟ್ಟದ ಮನೆಯೊಂದು ಉರಿದಾಗ, ಮೇಲೆ ಸಿಕ್ಕಿಕೊಂಡ ಮುದುಕಿಯನ್ನು ಇಳಿಸಲು ಊರಿನ ಯಾವ ಏಣಿಯೂ ಮುಟ್ಟಲಿಲ್ಲವಂತೆ. ಕೊನೆಗೆ ಎತ್ತಿನ ಗಾಡಿಯ ಮೂಕಿಯ ಉದ್ದ ಮರ ಎತ್ತಿ ಗೋಡೆಗೆ ಒರಗಿಸಿ ಆಕೆಯನ್ನು ಇಳಿಸಿದರಂತೆ. ಅದಾದ ಮೇಲೆ ಊರಿನ ಹಿರಿಯರು ಅಮಲ್ದಾರರ ಬೆನ್ನು ಬಿದ್ದು, ಮೈಸೂರಿನಲ್ಲಿ ಹಳೆಯದಾಯಿತೆಂದು ಮೂಲೆಗೆ ಹಾಕಿದ್ದ ಏಣಿಯೊಂದನ್ನು ತರಿಸಿದರು. ಅದು ರೈಲಿನಲ್ಲಿ ಹಿರೋಡೆಗೆ, ಅಂದರೆ ಈಗಿನ ಪಾಂಡವಪುರಕ್ಕೆ ಬಂದಿಳಿಯಿತು. ಅಲ್ಲಿಂದ ಚಿನಕುರಳಿಯ ದಾರಿ ಹಿಡಿದು ಎತ್ತು ಕಟ್ಟಿ ಎಳೆತಂದರು. ಹಸಿರು ಬಟ್ಟೆ ಹೊದಿಸಿಕೊಂಡು ಬರುತ್ತಿದ್ದ ಆ ಉದ್ದನೆಯ ವಸ್ತುವನ್ನು ಕಂಡು ದಾರಿಯ ಹಳ್ಳಿಯವರು ಯಾವುದೋ ದೇವರೆಂದು ಹಣ್ಣುಕಾಯಿ ತಂದರಂತೆ. ತಂದವರು ಸುಮ್ಮನೆ ಯಾಕೆ ಬೇಡವೆನ್ನಬೇಕು, ದಾರಿಯುದ್ದಕ್ಕೂ ಬಾಳೆಹಣ್ಣು ತಿಂದುಕೊಂಡೇ ಬಂದರು.

ಅದು ಒಂದಲ್ಲ, ಎರಡು ಏಣಿ. ದೊಡ್ಡದನ್ನು ತಾಯೇಣಿ ಎನ್ನುತ್ತಿದ್ದರು, ಅದರ ಒಳಗೆ ಜಾರುವ ಸಣ್ಣದನ್ನು ಮರಿಯೇಣಿ. ಹಗ್ಗ ಎಳೆದರೆ ಮರಿ ಮೇಲಕ್ಕೆ ಹೋಗುತ್ತಿತ್ತು. ಹಗ್ಗದವನು ಬೋರೇಗೌಡ, ಆಲೆಮನೆಯ ಯಜಮಾನ, ಏಣಿಯ ತಂಡಕ್ಕೂ ಅವನೇ ಯಜಮಾನ. ಗಂಟೆ ಬಾರಿಸಲು ಪುರಸಭೆಯ ಜವಾನ. ಉದ್ದ ಬಿದಿರಿನ ತುದಿಗೆ ಕಬ್ಬಿಣದ ಕೊಕ್ಕೆ ಸಿಕ್ಕಿಸಿಕೊಂಡು ಉರಿಯುವ ಹುಲ್ಲನ್ನು ಕೆಳಕ್ಕೆಳೆಯುವ ಕೊಕ್ಕೆಯವರು. ಬಾವಿಯಿಂದ ಬೆಂಕಿಯವರೆಗೆ ಸಾಲು ನಿಂತು ಕೊಡ ದಾಟಿಸುವ ನೀರಿನವರು. ಆ ಸಾಲಿನಲ್ಲಿ ಹೆಂಗಸರೇ ಹೆಚ್ಚು. ಇವರೆಲ್ಲರ ನಡುವೆ ಇಬ್ಬರು ಮುಖ್ಯ: ಏಣಿ ಹತ್ತುವ ತುದಿಯವನು, ಏಣಿ ಜರುಗದಂತೆ ಕೆಳಗೆ ಕಾಲು ಕೊಟ್ಟು ನಿಲ್ಲುವ ಬುಡದವನು. ಊರಿನ ಮನೆಗಳೆಲ್ಲ ಸಾಲು ಮನೆಗಳು, ಹುಲ್ಲು ಸೋಗೆಯ ಸೂರುಗಳು ಒಂದಕ್ಕೊಂದು ಸೇರಿಕೊಂಡಿದ್ದವು. ತುದಿಯವನು ಮೇಲೆ ಹೋಗಿ ಬೆಂಕಿಗಿಂತ ಮುಂದಾಗಿ ಸೂರನ್ನು ಕುಡುಗೋಲಿನಿಂದ ಕುಯ್ದು ಕಂಡಿ ಮಾಡಬೇಕು. ಆಗ ಬೆಂಕಿ ದಾಟಲಾರದೆ ನಿಲ್ಲುತ್ತದೆ.

ತುದಿಯವನ ಹೆಸರು ಜವರಯ್ಯ. ಎಲ್ಲರ ಬಾಯಲ್ಲೂ ಜವರ. ಕಸುಬು ಸೂರು ಹೊದಿಸುವುದು. ತಾನೇ ಹೊದಿಸಿದ ಸೂರನ್ನು ತಾನೇ ಕುಯ್ಯುವ ಪಾಡು. ಬುಡದವನು ಅವನ ಅಣ್ಣ ಸಿದ್ದಯ್ಯ. ಇಬ್ಬರ ಮನೆಗೂ ನಡುವೆ ಒಂದೇ ಗೋಡೆ, ಮೇಲೆ ಒಂದೇ ಸೂರು. ನಾನು ಊರಿಗೆ ಬರುವ ಹೊತ್ತಿಗೆ ಆ ಗೋಡೆಯ ಆಚೆಗೂ ಈಚೆಗೂ ಮಾತಿರಲಿಲ್ಲ.

ಹಿಂದಿನ ವರ್ಷ ಒಂದು ಬೆಲ್ಲದ ಮಂಡಿಗೆ ಬೆಂಕಿ ಬಿದ್ದಿತ್ತು. ಜವರ ಮೇಲಿದ್ದ. ಯಾರೋ ಗಾಬರಿಗೆಟ್ಟು "ಜವರ ಬಿದ್ದ" ಎಂದು ಕೂಗಿಬಿಟ್ಟರು. ಬಿದ್ದಿರಲಿಲ್ಲ. ಸಿದ್ದಯ್ಯ ಮಾತ್ರ ಆ ಕೂಗಿಗೆ ಕತ್ತೆತ್ತಿ ಮೇಲೆ ನೋಡಿದ. ಬುಡದವನು ಎಂದೂ ಮಾಡಬಾರದ ಕೆಲಸ ಅದು. ಕಾಲು ಸಡಿಲಾಯಿತು, ಏಣಿ ಜರುಗಿತು, ಜವರ ಆಗ ನಿಜವಾಗಿ ಬಿದ್ದ. ಭುಜದ ಮೂಳೆ ಮುರಿಯಿತು. ನೋವಿನ ಸಂಕಟದಲ್ಲಿ ಊರವರೆಲ್ಲರ ಮುಂದೆ, "ಇನ್ನು ನಿನ್ ಕಾಲ್ ನಂಬಿ ನಾನ್ ಅತ್ತಾಕಿಲ್ಲ" ಎಂದುಬಿಟ್ಟ. ಭುಜ ಕೂಡಿಕೊಂಡಿತು, ಮಾತು ಕೂಡಲಿಲ್ಲ. ಮಾತು ಬಿಟ್ಟ ಇಬ್ಬರು ತುದಿ ಬುಡ ಹಿಡಿದರೆ ಏಣಿ ಎತ್ತಬಾರದು ಎಂಬುದು ತಂಡದ ಕಟ್ಟುಪಾಡು. ಹೀಗಾಗಿ ಬೇಸಿಗೆ ಎದುರಿಗೆ ಬಂದು ನಿಂತಿದ್ದರೂ ಏಣಿ ಕೊಟ್ಟಿಗೆಯಲ್ಲೇ ಮಲಗಿತ್ತು. ಊರಿನ ಬೇರೆ ಯಾರಾದರೂ ಬುಡ ಹಿಡಿಯಬಹುದಿತ್ತು. ಆದರೆ ಸಿದ್ದಯ್ಯನ ಜಾಗದಲ್ಲಿ ನಿಂತು ಅವನ ಮುಖ ನೋಡುವುದು ಹೇಗೆ ಎಂದು ಒಬ್ಬರೂ ಮುಂದೆ ಬರಲಿಲ್ಲ.

ಒಂದು ಮಧ್ಯಾಹ್ನ ಬೋರೇಗೌಡ ನನ್ನ ಮೇಜಿನ ಮುಂದೆ ಬಂದು ನಿಂತು, ಸಂತೆಯಲ್ಲಿ ಎತ್ತು ನೋಡುವವನಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಸೋಮಿ, ಈ ಊರಲ್ಲಿ ನಿಮ್ಗೆ ಯಾರಾದ್ರೂ ನೆಂಟ್ರು ಅವ್ರಾ?"

"ಇಲ್ಲ ಗೌಡ್ರೇ."

"ಯಾರ್ ಜೊತ್ಗಾದ್ರೂ ಜಗ್ಳ?"

"ಮಾತಾಡೋಕೇ ಯಾರೂ ಇಲ್ಲ, ಜಗಳ ಎಲ್ಲಿಂದ ಬರಬೇಕು?"

"ಬೋ ಸಂತೋಸ. ಅಂಗಾರೆ ಎದ್ ಬನ್ನಿ. ನಿಮ್ ತೂಕ ಬೇಕಾಗದೆ."

ನನ್ನ ತೂಕ ಬೇಕು ಎಂದು ಹುಟ್ಟಿದಾರಭ್ಯ ಒಬ್ಬರೂ ಹೇಳಿರಲಿಲ್ಲ. ಎದ್ದು ಹೋದೆ.

ಕೊಟ್ಟಿಗೆಯ ಹಿಂದಿನ ಬಯಲಿನಲ್ಲಿ ನನ್ನ ಶಿಕ್ಷಣ ನಡೆಯಿತು. ಎಡಗಾಲಿನ ಪಾದ ಕೆಳಗಿನ ಮೆಟ್ಟಿಲ ಮೇಲೆ, ಬಲಗಾಲು ಹಿಂದಕ್ಕೆ ಊರಿ, ಎರಡು ಕೈಯಿಂದ ಎರಡು ಪಕ್ಕದ ಮರ ಹಿಡಿದು, ತಲೆ ತಗ್ಗಿಸಿ ನಿಲ್ಲಬೇಕು. ಇಷ್ಟೇ ಕೆಲಸ. "ಕಣ್ಣು ಮ್ಯಾಕ್ ಓದ್ರೆ ಮೈಯೂ ಮ್ಯಾಕ್ ಓಯ್ತದೆ ಸೋಮಿ, ಕಾಲು ಅಗುರಾಯ್ತದೆ. ಯಾರ್ ಏನಾರ ಕೂಗ್ಲಿ, ಸತ್ತೆ ಅನ್ಲಿ, ಬುಡದೋನು ಮ್ಯಾಕ್ ನೋಡಂಗಿಲ್ಲ" ಎಂದ ಬೋರೇಗೌಡ. ಜವರ ಹತ್ತಿ ಇಳಿದ. ಬಿದಿರುಕಡ್ಡಿಯಂಥ ಆಳು, ಮುಖದ ತುಂಬ ನಗು. ನನ್ನ ಪಾದವನ್ನೊಮ್ಮೆ ನೋಡಿ, "ಬೇರ್ ಬುಟ್ಟಂಗ್ ನಿಂತವ್ರೆ ಕಣಣ್ಣೋ ಇವ್ರು" ಎಂದು ಗೌಡನಿಗೆ ಹೇಳಿದ. ಆ ಮಾತನ್ನು ರಾತ್ರಿ ಮಲಗಿಕೊಂಡು ನಾನು ಎಷ್ಟು ಸಲ ನೆನೆದೆನೋ ತಿಳಿಯದು.

ಆದರೆ ಇನ್ನೊಂದು ತೊಡಕಿತ್ತು. ಗಂಟೆ ಹೊಡೆದ ಕೂಡಲೇ ತುದಿಯವನ ಹೆಂಡತಿ ತನ್ನ ಮನೆಯ ಒಲೆಗೆ ನೀರು ಹಾಕಬೇಕು. ಗಂಡ ಬೆಂಕಿಯ ಮೇಲಿರುವಾಗ ಮನೆಯಲ್ಲಿ ಬೆಂಕಿ ಇರಕೂಡದು. ಅವನು ಇಳಿದು ಬಂದ ಮೇಲೆ ಬುಡದವನ ಮನೆಯ ಒಲೆಯಿಂದ ಕೆಂಡ ತಂದು ಮತ್ತೆ ಹೊತ್ತಿಸಬೇಕು. ಅವನ ಜೀವ ಹಿಡಿದವನ ಮನೆಯ ಕೆಂಡದಿಂದಲೇ ಅವನ ಅನ್ನ ಬೇಯಬೇಕು. ನನಗೋ ಒಲೆಯೇ ಇರಲಿಲ್ಲ. "ಓಟ್ಲು ಒಲೆ ಆಗಾಕಿಲ್ವಾ?" ಎಂದು ಜವರ ಕೇಳಿದ್ದಕ್ಕೆ ಬೋರೇಗೌಡ ಅವನನ್ನು ಗದರಿಕೊಂಡ. ಕೊನೆಗೆ ಜವರನೇ ಮಣ್ಣು ಕಲಸಿ ನನ್ನ ಕೋಣೆಯ ಮೂಲೆಯಲ್ಲಿ ಒಲೆ ಹಾಕಿಕೊಟ್ಟ. ಏಣಿಯ ದೆಸೆಯಿಂದ ನಾನು ಅಡಿಗೆ ಕಲಿತೆ.

ಮೊದಮೊದಲು ಜವರನ ಹೆಂಡತಿ ನಿಂಗಮ್ಮ ಕೆಂಡಕ್ಕೆಂದು ಒಡೆದ ಮಡಕೆಯ ಓಡು ಹಿಡಿದು ಬಂದಾಗ ನನ್ನ ಒಲೆಯಲ್ಲಿ ಬರಿಯ ಬೂದಿ. "ಇದೇನ್ ಗುಮಾಸ್ತ್ರಪ್ಪ, ಇದು ಕೆಂಡವಾ? ಇದ್ನ ತಕ್ಕೊಂಡೋಗಿ ಪಾತ್ರೆ ಬೆಳಗ್ಲಾ?" ಎಂದು ಬೈದಳು. ಜಾಲಿ ಸೌದೆ ಹಾಕಬೇಕು, ಹೊರಡುವ ಮುಂಚೆ ಕೆಂಡವನ್ನು ಬೂದಿಯೊಳಗೆ ಹುಗಿಯಬೇಕು ಎಂದು ತೋರಿಸಿಕೊಟ್ಟಳು. ಆಮೇಲೆ ನನ್ನ ಕೆಂಡಕ್ಕೆ ಹೆಸರು ಬಂತು. ಸಂಜೆ ಜವರ ನನ್ನ ಜಗಲಿಗೆ ಬಂದು ಕೂರುತ್ತಿದ್ದ. ನಾನು ಸೀಯಿಸಿದ ಅನ್ನವನ್ನು ಒಂದು ಮಾತೂ ಆಡದೆ ತಿನ್ನುತ್ತಿದ್ದ. ಅವನನ್ನು ಹುಡುಕಿಕೊಂಡು ಇನ್ನೊಬ್ಬರು, ಅವರನ್ನು ಕಂಡು ಮತ್ತೊಬ್ಬರು. ನನ್ನ ಜಗಲಿಯ ಮೇಲೂ ಮಾತು, ನಗು. ಮೈಸೂರಿನ ಬಸ್ಸು ಎಷ್ಟು ಹೊತ್ತಿಗೆ ಹೊರಡುತ್ತದೆ ಎಂಬುದೇ ಮರೆತುಹೋಯಿತು.

ಆ ಬೇಸಿಗೆ ಬಿಸಿಲು ಹುಚ್ಚು ಹಿಡಿದಂತೆ ಕಾಯಿತು. ಸೂರಿನ ಹುಲ್ಲು ಮುಟ್ಟಿದರೆ ಪುಡಿಯಾಗುವಂತಿತ್ತು. ಬೂಕನಕೆರೆ ದಾರಿಯಲ್ಲಿ ಹುಲ್ಲಿನ ಮೆದೆಗಳು, ಪೇಟೆಯಲ್ಲಿ ಒಂದು ಎಣ್ಣೆ ಅಂಗಡಿ, ಕೆರೆಯ ಹಿಂದಿನ ಸಾಲುಮನೆಗಳು, ಹೀಗೆ ಗಂಟೆ ಹೊಡೆಯುತ್ತಲೇ ಇತ್ತು. ಗಂಟೆ ಕೇಳಿದರೆ ನಾನು ಲೇಖನಿ ಎಸೆದು ಪಂಚೆ ಎತ್ತಿ ಕಟ್ಟಿ ಓಡುತ್ತಿದ್ದೆ. ಆ ಮೈ ಹಾಗೆ ಓಡುವುದನ್ನು ನೋಡಲೆಂದೇ ಮಕ್ಕಳು ಬೀದಿಗೆ ಬರುತ್ತಿದ್ದರು. ಏಣಿ ಏಳುತ್ತಿತ್ತು, ನಾನು ಕಾಲು ಕೊಡುತ್ತಿದ್ದೆ, ಜವರ ನನ್ನ ಹೆಗಲು ಮುಟ್ಟಿ ಮೇಲೆ ಹೋಗುತ್ತಿದ್ದ. ಅಲ್ಲಿಂದ ಮುಂದೆ ನನಗೆ ಕಾಣುತ್ತಿದ್ದದ್ದು ನನ್ನ ಎರಡು ಪಾದ ಮತ್ತು ಅವುಗಳ ಸುತ್ತಲಿನ ಕೆಸರು. ಬೆನ್ನ ಮೇಲೆ ಕಿಡಿ ಬೀಳುತ್ತಿದ್ದವು. ಮರದ ನಡುಕ ಅಂಗೈಗೆ ಬರುತ್ತಿತ್ತು, ಅದರಿಂದಲೇ ಅವನು ಎಲ್ಲಿದ್ದಾನೆಂದು ತಿಳಿಯಬೇಕು. ಜನ "ಭಲೇ ಜವರ" ಎನ್ನುತ್ತಿದ್ದರು. ಏನು ಮಾಡಿದ ಅವನು, ನನಗೆ ಗೊತ್ತಾಗುತ್ತಿರಲಿಲ್ಲ.

ಒಮ್ಮೆ ಸಂತೆಬಾಚಹಳ್ಳಿಯಿಂದ ಆಳು ಓಡಿಬಂದ. ಎತ್ತು ಕಟ್ಟಿ ಹೊಡೆದುಕೊಂಡು ಹೋದೆವು. ನಾವು ಮುಟ್ಟುವ ಹೊತ್ತಿಗೆ ಬೆಂಕಿ ಆರಿ, ಮನೆಯವರು ಬೂದಿ ಗುಡಿಸುತ್ತಿದ್ದರು. ಆದರೂ ಊರವರು ನಮಗೆ ಪಾನಕ ಕೊಟ್ಟು, ಇಷ್ಟು ದೂರ ಬಂದಿದ್ದೀರಿ, ಏಣಿ ಎತ್ತಿ ತೋರಿಸಿ ಎಂದು ಹಿಡಿದುಕೊಂಡರು. ಚಾವಡಿಯ ಗೋಡೆಗೆ ಏಣಿ ಎತ್ತಿದೆವು. ಜವರ ಮೇಲೆ ಹೋಗಿ ಏನೇನೋ ಆಟ ಕಟ್ಟಿದನೆಂದು ಕಾಣುತ್ತದೆ. ನೆರೆದ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಬೆಂಕಿಯಿಲ್ಲ, ಹೊಗೆಯಿಲ್ಲ, ನೋಡಬಹುದಿತ್ತು. ಆದರೂ ನೋಡಲಿಲ್ಲ. ಬರುವಾಗ ಗಾಡಿಯಲ್ಲಿ, "ಏನು ಮಾಡಿದೆ ಜವರ ಮೇಲೆ?" ಎಂದು ಕೇಳಿದೆ. "ಅಯ್ಯೋ ಬುಡಿ ಸೋಮಿ, ಕೋತಿ ಕುಣ್ದಂಗ್ ಕುಣ್ದೆ" ಎಂದು ಹಗುರವಾಗಿ ತಳ್ಳಿಹಾಕಿದ.

ಇಷ್ಟು ಸುಖದ ಕೆಳಗೆ ಒಂದು ಮುಳ್ಳು ಇದ್ದೇ ಇತ್ತು. ನಾನು ನಿಂತದ್ದು ಸಿದ್ದಯ್ಯನ ಜಾಗ. ಅಣ್ಣತಮ್ಮ ಒಂದಾದ ದಿನ ನನ್ನ ಕೆಲಸ ಮುಗಿಯಿತು. ಸಿದ್ದಯ್ಯ ಪ್ರತಿ ಬೆಂಕಿಗೂ ಬರುತ್ತಿದ್ದ. ನೀರಿನ ಸಾಲಿನ ಕೊನೆಯಲ್ಲಿ ನಿಂತು ಕೊಡ ದಾಟಿಸುತ್ತಿದ್ದ. ಅಗಲ ಪಾದದ, ಮಾತು ಕಡಿಮೆಯ ಗಂಡಸು. ನನ್ನ ಕಡೆ ನೋಡುತ್ತಿದ್ದನೇ ಹೊರತು ಒಂದು ದಿನವೂ ಕಹಿ ಮಾತಾಡಲಿಲ್ಲ. ಅವನ ಹೆಂಡತಿ ಕೆಂಚಮ್ಮ ಒಂದು ಸಂಜೆ ನನ್ನ ಬಾಗಿಲಿಗೆ ಬಂದಳು. ಗೋಡೆಯಾಚೆಯ ಓರಗಿತ್ತಿ ಕೆಂಡಕ್ಕೆಂದು ಬೀದಿ ದಾಟಿ ನನ್ನ ಮನೆಗೆ ಬರುವುದನ್ನು ನೋಡಿ ನೋಡಿ ಅವಳ ಕಣ್ಣು ಸೋತಿತ್ತು.

"ನಿಂಗಿ ನನ್ ಕೈಲಿ ಕೆಂಡ ಈಸ್ಕಂಡು ಒಂದ್ ವರ್ಸ ಆಯ್ತು ಕಣಪ್ಪ. ನಿಮ್ ಮಾತು ಜವರ ಕೇಳ್ತನೆ. ವಸಿ ಯೋಳ್ಬಾರ್ದಾ?"

ಹೇಳಿದೆ. ಜವರ ಕಾಲಿನಿಂದ ನೆಲ ಕೆರೆದ. "ಅವ್ನೇ ಬಂದು ನಿಂತ್ಕಳ್ಳಿ ಸೋಮಿ. ನಾನ್ ಬ್ಯಾಡ ಅಂದೇನಾ?" ಎಂದ. ಸಿದ್ದಯ್ಯನ ಹತ್ತಿರ ಹೋದರೆ, "ಬ್ಯಾಡ ಅಂದೋನು ಅವ್ನು. ಅವ್ನೇ ಕರೀಲಿ" ಎಂದ. ಇಬ್ಬರಿಗೂ ಬೇಕಾಗಿತ್ತು, ಇಬ್ಬರೂ ಬಾಯಿ ಬಿಡಲೊಲ್ಲರು. ನಾನು ಹಿಂತಿರುಗಿ ಬರುವಾಗ ನನ್ನ ಹೆಜ್ಜೆ ಹಗುರವಾಗಿತ್ತು ಎಂಬುದನ್ನು ಯಾಕೆ ಮುಚ್ಚಿಡಲಿ. ಇನ್ನೂ ಸ್ವಲ್ಪ ದಿನ ಬುಡ ನನ್ನದೇ ಎಂದು ಒಳಗೊಳಗೇ ಹಿಗ್ಗಿದೆ.

ಯುಗಾದಿ ಕಳೆದು ಗಾಳಿ ಏಳುವ ದಿನಗಳು ಬಂದವು. ಒಂದು ಮಧ್ಯಾಹ್ನ ಊರಾಚೆಯ ಕಣದಲ್ಲಿ ಮೆದೆಗೆ ಬೆಂಕಿ ಎಂದು ಗಂಟೆ ಹೊಡೆಯಿತು. ಅಂಥ ದೊಡ್ಡದೇನಲ್ಲ, ಬೇಗ ಆರಿಸಿ ಹಿಂದಿರುಗಿ ಬರುತ್ತಿದ್ದೆವು. ನಿಂಗಮ್ಮ ಆಗಲೇ ನನ್ನ ಕೋಣೆಯ ಕಡೆಗೆ ಓಡು ಹಿಡಿದು ಹೊರಟಿದ್ದಳು. ಅಷ್ಟರಲ್ಲಿ ಜವರನ ಬೀದಿಯ ಕಡೆಯಿಂದ ಹೊಗೆ ಎದ್ದಿತು.

ಸಿದ್ದಯ್ಯನ ಮನೆ. ಆಗಿದ್ದು ಇಷ್ಟು. ಗಂಡ ಬುಡ ಬಿಟ್ಟು ವರ್ಷವಾದರೂ ಕೆಂಚಮ್ಮ ಹಳೆಯ ಪದ್ಧತಿ ಬಿಟ್ಟಿರಲಿಲ್ಲ. ಪ್ರತಿ ಸಲ ಗಂಟೆ ಹೊಡೆದಾಗಲೂ ಒಲೆಯ ಕೆಂಡ ತೆಗೆದು ಓಡಿನಲ್ಲಿ ಬೂದಿ ಮುಚ್ಚಿ ಹಿತ್ತಿಲ ಬಾಗಿಲ ಪಕ್ಕದಲ್ಲಿ ಇಡುತ್ತಿದ್ದಳಂತೆ, ಇವತ್ತಾದರೂ ನಿಂಗಿ ಬಂದಾಳು ಎಂದು. ಬರದಿದ್ದರೆ ತಾನೇ ನೀರು ಹಾಕಿ ಚೆಲ್ಲುತ್ತಿದ್ದಳು. ಆ ದಿನ ಗಾಳಿ ಬೂದಿಯನ್ನು ಹಾರಿಸಿ ಕೆಂಡವನ್ನು ಊದಿಬಿಟ್ಟಿತು. ತಗ್ಗಿನ ಸೂರಿನ ಸೋಗೆಗೆ ಕಿಡಿ ತಗುಲಿತು.

ಏಣಿ ಗಾಡಿಯ ಮೇಲಿತ್ತು, ಎತ್ತು ತಿರುಗಿಸಿದೆವು. ಸಿದ್ದಯ್ಯನ ಅರ್ಧ ಆಗಲೇ ಉರಿಯುತ್ತಿತ್ತು. ಜವರನ ಅರ್ಧಕ್ಕೆ ದಾಟಿದರೆ ಬೀದಿಯ ಕೊನೆಯವರೆಗೂ ಹೋದಂತೆಯೇ. ಜವರ ನನ್ನ ಹೆಗಲು ಮುಟ್ಟಿ ಮೇಲೆ ಹೋದ. ನೀರು ಸುರಿದೂ ಸುರಿದೂ ಅಂಗಳ ಕೆಸರಾಯಿತು. ನನ್ನ ಬಲಗಾಲು ಜಾರಿತು. ಮತ್ತೆ ಊರಿದೆ, ಮತ್ತೆ ಜಾರಿತು. ನನ್ನ ಹೆಸರಾಂತ ತೂಕ ಆ ಕೆಸರಿನಲ್ಲಿ ಕೆಲಸಕ್ಕೆ ಬಾರದಾಯಿತು. ಏಣಿ ಒಂದು ಗೇಣು ಹಿಂದಕ್ಕೆ ಬಂತು.

ಆಗ ನನ್ನ ಪಾದದ ಪಕ್ಕದಲ್ಲಿ ಇನ್ನೊಂದು ಪಾದ ಬಂದು ಮೆಟ್ಟಿಲ ಮೇಲೆ ಕೂತಿತು. ಅಗಲವಾದ, ಬೆರಳು ಬಿಚ್ಚಿಕೊಂಡ ಪಾದ. ಏಣಿ ನಿಂತಿತು.

ಮೇಲಿದ್ದ ಜವರನಿಗೆ ಕಾಲಿನಲ್ಲೇ ತಿಳಿದಿರಬೇಕು. ಹೊಗೆಯೊಳಗಿಂದ ಕೂಗಿದ: "ಬುಡದಾಗ್ ಯಾರು?"

ಸಿದ್ದಯ್ಯ ತಲೆ ಎತ್ತಲಿಲ್ಲ. "ನಾನು ಕಣ್ಲಾ" ಎಂದ.

ನೀರಿನ ಸಾಲಿನವರು ಕೊಡ ಹಿಡಿದುಕೊಂಡೇ ನಿಂತುಬಿಟ್ಟಿದ್ದರು.

"ಬುಡ್ಬ್ಯಾಡ ಅಣ್ಣ" ಎಂದಿತು ಮೇಲಿನ ದನಿ.

"ಬುಡಾಕಿಲ್ಲ. ನೀನ್ ಕುಯ್ಯಿ."

ಬುಡದಲ್ಲಿ ಇಬ್ಬರು ನಿಲ್ಲುವಂತಿಲ್ಲ, ಒಬ್ಬರ ತೂಕ ಇನ್ನೊಬ್ಬರದನ್ನು ಎಳೆದು ಏಣಿ ತಿರುಚಿಕೊಳ್ಳುತ್ತದೆ. ಹಗ್ಗ ಹಿಡಿದಿದ್ದ ಬೋರೇಗೌಡ ಮೆಲ್ಲಗೆ, "ಸೋಮಿ, ನೀವ್ ಬನ್ನಿ ಈಚ್ಗೆ" ಎಂದ. ನಾನು ಒಂದೊಂದೇ ಕೈ ಬಿಟ್ಟೆ, ಕಾಲು ತೆಗೆದೆ. ಸಂತೋಷವಾಯಿತು ಎಂದರೆ ಅರ್ಧ ಸುಳ್ಳು, ಆಗಲಿಲ್ಲ ಎಂದರೂ ಅರ್ಧ ಸುಳ್ಳು. ಬೀದಿಯಾಚೆ ಹೋಗಿ ಗೋಡೆಗೆ ಒರಗಿ ನಿಂತೆ. ಹಾಗೆ ನಿಂತ ಮೇಲೆ ಹೊಳೆಯಿತು, ಈಗ ನಾನು ಬುಡದವನಲ್ಲ, ಮೇಲೆ ನೋಡಬಹುದು. ಆ ಬೇಸಿಗೆಯಲ್ಲಿ ಮೊದಲ ಸಲ ಕತ್ತೆತ್ತಿದೆ. ಹೊಗೆಗೆ ಕಣ್ಣು ಉರಿಯಿತು; ಒರೆಸಿಕೊಂಡು ಒರೆಸಿಕೊಂಡು, ಬೆಂಕಿ ನಿಲ್ಲುವವರೆಗೂ ನೋಡಿದೆ.

ಜವರ ತನ್ನ ಅರ್ಧದ ಸೂರನ್ನೇ ಅಡ್ಡಕ್ಕೆ ಕುಯ್ದು ಕೆಳಗೆ ತಳ್ಳಿದ. ಬೀದಿ ಉಳಿಯಿತು. ಸಂಜೆ ಇಬ್ಬರ ಒಲೆಯೂ ನೀರು ತುಂಬಿ ಆರಿಹೋಗಿದ್ದರಿಂದ ಕೆಂಚಮ್ಮ, ನಿಂಗಮ್ಮ ಇಬ್ಬರೂ ಒಂದೇ ಓಡು ಹಿಡಿದು ನನ್ನ ಕೋಣೆಗೆ ಬಂದರು. ಯಾರು ಓಡು ಹಿಡಿಯಬೇಕೆಂದು ಬಾಗಿಲಲ್ಲೇ ಕಿತ್ತಾಡಿ ನಗುತ್ತಿದ್ದರು, ಅಳುತ್ತಲೂ ಇದ್ದರು. ನಾನು ಒಲೆಯಲ್ಲಿದ್ದ ಕೆಂಡವನ್ನೆಲ್ಲ ಬಗೆದು ಕೊಟ್ಟೆ. ಆಮೇಲೆ ಗಂಟೆ ಹೊಡೆದಾಗಲೂ ನಿಂಗಮ್ಮ ಬೀದಿ ದಾಟಿ ಬರಲಿಲ್ಲ. ಜವರ ಬರುತ್ತಿದ್ದ, ಊಟ ಮಾಡುತ್ತಿದ್ದ. ಗೌಡ ನನ್ನನ್ನು ನೀರಿನ ಸಾಲಿನಲ್ಲಿ ನಿಲ್ಲಿಸಿದ. ಎಲ್ಲ ಮೊದಲಿನಂತೆಯೇ ಇತ್ತು, ಏಣಿಯ ಮರದ ನಡುಕವೊಂದು ಮಾತ್ರ ಅಂಗೈಗೆ ಬರುತ್ತಿರಲಿಲ್ಲ.

ಆಷಾಢದ ಗಾಳಿಮಳೆ ಹಿಡಿದಾಗ ನನಗೆ ನಾಗಮಂಗಲಕ್ಕೆ ವರ್ಗವಾಯಿತು. ಜವರ ಹಿಂದಿನ ದಿನವೇ ಬಂದು, "ಓಗ್ಬುಟ್ಟು ಬನ್ನಿ ಸೋಮಿ, ಬಾಯಿಗ್ ರುಚಿಯಾಗ್ ಅನ್ನ ಮಾಡ್ಕಂಡ್ ಉಣ್ಣಿ" ಎಂದು ಹೇಳಿ ಬೂಕನಕೆರೆಗೆ ಸೂರು ಹೊದಿಸಲು ಹೋಗಿದ್ದ. ಬೆಳಿಗ್ಗೆ ನನ್ನ ಟ್ರಂಕನ್ನು ತಲೆಯ ಮೇಲೆ ಹೊತ್ತು ಬಸ್ಸಿನ ಹತ್ತಿರ ತಂದವನು ಸಿದ್ದಯ್ಯ. ಕರೆದಿರಲಿಲ್ಲ, ಅವನೇ ಬಂದ. ಟ್ರಂಕು ಮೇಲೆ ಏರಿಸಿದ ಮೇಲೂ ಹೋಗದೆ ನಿಂತ.

"ಸೋಮಿ, ಒಂದ್ ಮಾತ್ ಕೇಳ್ಲಾ?"

"ಕೇಳಿ ಸಿದ್ದಯ್ಯ."

"ಅವತ್ತು ನೀವು ಆಚೆ ನಿಂತ್ಕಂಡು ಮ್ಯಾಕ್ ನೋಡ್ತಿದ್ರಿ. ಜವರ ಅಲ್ಲಿ ಎಂಗಿದ್ದ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವನೇ ಮುಂದುವರಿಸಿದ. "ಅವ್ನು ಅತ್ತಾಕ್ ಸುರು ಮಾಡ್ದಾಗ್ಲಿಂದ್ಲೂ ಬುಡದಾಗ್ ನಾನೇ. ಎಂಗ್ ನಡೀತನೆ, ಎಂಗ್ ಕುಯ್ತನೆ, ಊರೋರೆಲ್ಲ ನೋಡವ್ರೆ. ನಾನ್ ನೋಡಿಲ್ಲ. ಆ ಮಂಡಿ ಬೆಂಕೀಲಿ ಒಂದಪ ತಲೆ ಎತ್ದೆ. ಒಗೆ ಬುಟ್ರೆ ಏನೂ ಕಾಣ್ನಿಲ್ಲ. ಅವ್ನ್ ಬುಜ ಮುರೀತು. ಇನ್ನ್ ನಾನ್ ಯಾವತ್ತೂ ನೋಡಾಕಿಲ್ಲ. ನೀವ್ ಯೋಳ್ಬುಟ್ರೆ ಸಾಕು."

ಬಸ್ಸಿನವನು ಹಾರನ್ ಒತ್ತುತ್ತಿದ್ದ. ನಾನು ಹೇಳಿದೆ. ಸೂರಿನ ನೆತ್ತಿಯ ಮೇಲೆ ಜವರ ಪಾದವನ್ನು ಅಡ್ಡಕ್ಕಿಟ್ಟು ನಡೆಯುತ್ತಾನೆ, ಮೊದಲು ಹೆಬ್ಬೆರಳಿನಿಂದ ಒತ್ತಿ ನೋಡಿ ಆಮೇಲೆ ತೂಕ ಬಿಡುತ್ತಾನೆ ಎಂದೆ. "ಅಪ್ಪನೂ ಅಂಗೇ ನಡೀತಿದ್ದ" ಎಂದ ಸಿದ್ದಯ್ಯ. ಕುಡುಗೋಲನ್ನು ಎಡಗೈಯಲ್ಲಿ ಹಿಡಿಯುತ್ತಾನೆ ಎಂದೆ. "ಬಲಗೈ ಬುಜ ಮುರ್ದಿದ್ದು" ಎಂದು ತನಗೆ ತಾನೇ ಹೇಳಿಕೊಂಡ. ಇನ್ನೊಂದು ಹೇಳುವುದಿತ್ತು, ಅದನ್ನೂ ಹೇಳಿದೆ.

"ಒಂದೊಂದು ಕಟ್ಟು ಕುಯ್ಯೋ ಮುಂಚೆಯೂ ಅವನು ಕೆಳಗೆ ನೋಡ್ತಾನೆ ಸಿದ್ದಯ್ಯ."

"ಬೆಂಕೀನಾ?"

"ಬೆಂಕಿ ಅಲ್ಲ. ಏಣಿ ಬುಡಾನ. ನಿಮ್ಮ ನೆತ್ತೀನ. ಒಂದು ಸಲವೂ ತಪ್ಪಿಸಲಿಲ್ಲ."

ಸಿದ್ದಯ್ಯ ತಲೆಯ ಮೇಲಿದ್ದ ವಸ್ತ್ರ ತೆಗೆದು ನೆತ್ತಿಯನ್ನು ಮೆಲ್ಲಗೆ ಸವರಿಕೊಂಡ. "ಕೂದ್ಲೇ ಇಲ್ವಲ್ಲ ಸೋಮಿ ಇಲ್ಲಿ" ಎಂದ. "ಏನ್ ನೋಡ್ತನೆ ಬಡ್ಡೆತ್ತದು" ಎಂದು ನಗಲು ಹೋದವನಿಗೆ ನಗು ಬರಲಿಲ್ಲ, ಅದೇ ವಸ್ತ್ರದಲ್ಲಿ ಮುಖ ಮುಚ್ಚಿಕೊಂಡ.

ಬಸ್ಸು ಹೊರಟಿತು. ಮಳೆಯಲ್ಲಿ ನಾಗಮಂಗಲದ ದಾರಿ ಹಿಡಿದು ಹೋಗುವಾಗ ನನಗೆ ಅದೊಂದೇ ಯೋಚನೆ. ನಾನು ಬುಡ ಹಿಡಿದಿದ್ದಾಗ ಜವರ ನನ್ನ ನೆತ್ತಿಯನ್ನೂ ಹಾಗೆ ನೋಡುತ್ತಿದ್ದನೇ? ಮುಂದೆ ಒಂದೆರಡು ಸಲ ಅವನನ್ನು ಕಂಡೆ, ಕೂತು ಉಂಡೆವು, ಹಳೆಯದನ್ನೆಲ್ಲ ಮಾತಾಡಿದೆವು. ಇಲ್ಲ ಎಂದುಬಿಟ್ಟರೆ ಎಂಬ ಭಯಕ್ಕೆ ಕೇಳಲು ಬಾಯಿ ಬರಲಿಲ್ಲ. ಈಗ ಜವರನಿಲ್ಲ. ನೋಡಿರಬೇಕು ಎಂದೇ ಇಟ್ಟುಕೊಂಡಿದ್ದೇನೆ.